ಪಾಲಿಶರ್ ಚಾಲೂ ಆದ ಕೂಡಲೇ ಕಾಟಾ ಕುಣಿಯುತ್ತದೆ: ಅನುಭವ ಇದ್ದವರು ಹೇಳಿ

ಕೇಳಿದವರು: ಕಾರಟಗಿ, ಅಕ್ಕಿ ಗಿರಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಟಗಿ ಹತ್ತಿರ ಸಣ್ಣ ಅಕ್ಕಿ ಗಿರಣಿ. ಅಪ್ಪನ ಕಾಲದಲ್ಲಿ ತಕ್ಕಡಿ ಇತ್ತು, ಈಗ 100 ಕೆಜಿಯ ಎಲೆಕ್ಟ್ರಾನಿಕ್ ಕಾಟಾ. ಒಂದೇ ಲೋಡ್ ಸೆಲ್ (ಭಾರವನ್ನು ವೋಲ್ಟೇಜ್ ಆಗಿ ಕೊಡುವ ಭಾಗ), 10 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. 26 ಕೆಜಿ ಚೀಲ ತುಂಬುತ್ತೇವೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕೆಟ್ ಅಕ್ಕಿಗೆ ಜಿಎಸ್‌ಟಿ ಬಂತಲ್ಲ, ಆಗ ಎಲ್ಲರ ಜೊತೆ ನಾವೂ 26ಕ್ಕೆ ಹೋದೆವು.

ಬೆಳಿಗ್ಗೆ ಮಷಿನ್ ಬಂದ್ ಇದ್ದಾಗ ಕಾಟಾ ಕಲ್ಲಿನ ಹಾಗೆ ನಿಲ್ಲುತ್ತದೆ. ಪಾಲಿಶರ್ ಚಾಲೂ ಮಾಡಿದ ಕೂಡಲೇ 40, 50, ಕೆಲವು ಸಲ 60 ಗ್ರಾಂ ಮೇಲೆ ಕೆಳಗೆ ಕುಣಿಯುತ್ತದೆ. ಹೋದ ವರ್ಷ ಪಾಲಿಶರ್ ಮೋಟಾರಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್) ಹಾಕಿಸಿದೆವು, ಅಂದಿನಿಂದ ಈ ಕಾಟ. ಕಾಟಾದಿಂದ ಕ್ಯಾಬಿನ್‌ನಲ್ಲಿರುವ ಇಂಡಿಕೇಟರಿಗೆ (ತೂಕ ತೋರಿಸುವ ಡಬ್ಬಿ) ಸುಮಾರು 12 ಮೀಟರ್ ವೈರ್ ಎಳೆದಿದ್ದೇವೆ. ಯಾರೋ ಹೇಳಿದರು ಅಂತ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಂದು ಪೂರ್ತಿ ಸುತ್ತಿದೆ. ಕಡಿಮೆ ಆಗಲಿಲ್ಲ, ಸ್ವಲ್ಪ ಜಾಸ್ತಿಯೇ ಆದ ಹಾಗಿದೆ. ಕಾಟಾಗೆ ಅಂತಲೇ ಬೇರೆ ಅರ್ಥಿಂಗ್ ರಾಡ್ ಕೂಡ ಹೊಡೆಸಿದೆ. ಊರ ಹೊರಗೆ ದೊಡ್ಡ ಕರೆಂಟ್ ಲೈನ್ ಹೋಗಿದೆ, ಅದರದ್ದೇನಾದರೂ ಇರಬಹುದಾ?

ರಾಯಚೂರು, ನಿವೃತ್ತ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್

ತಮ್ಮಾ, ಮೊದಲು ಆ ದೊಡ್ಡ ಲೈನಿನ ಚಿಂತೆ ಬಿಡು. ನಾನು ಕರೆಂಟ್ ತಯಾರಿಸುವ ಶಕ್ತಿನಗರದ ಕಡೆ ಮೀಟರು, ಥರ್ಮೋಕಪಲ್ಲು (ಬಿಸಿ ಅಳೆಯುವ ತಂತಿ) ಅಂತಲೇ ಆಯುಷ್ಯ ಕಳೆದವನು. ರಾಯಚೂರಿನಿಂದ ಸೋಲಾಪುರಕ್ಕೆ 765 ಕೆವಿ ಲೈನ್ ಇದೆ. 2013ರ ಡಿಸೆಂಬರ್ 31ಕ್ಕೆ ಅದು ಚಾಲೂ ಆಗಿಯೇ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಕೂಡಿಕೊಂಡದ್ದು. ಆಮೇಲೆ ನಮ್ಮ ಓಣಿಯಲ್ಲಿ ಟಿವಿ ಕೆಟ್ಟರೂ ಆ ಲೈನನ್ನೇ ಬೈಯುತ್ತಿದ್ದರು! ಆದರೆ ಮೂರು ಫೇಸಿನ ತಂತಿಗಳ ಪ್ರಭಾವ ದೂರ ಹೋದ ಹಾಗೆ ಒಂದನ್ನೊಂದು ಹೊಡೆದು ಹಾಕುತ್ತದೆ. ಅರ್ಧ ಕಿಲೋಮೀಟರ್ ಆಚೆಗಿನ ದೊಡ್ಡ ಲೈನಿಗಿಂತ ಅರ್ಧ ಅಡಿ ಆಚೆಗಿನ ಡ್ರೈವ್ ಕೇಬಲ್ ನಿನಗೆ ದೊಡ್ಡ ವೈರಿ.

ಲೆಕ್ಕ ನೋಡು. ಲೋಡ್ ಸೆಲ್ ಸಾಮಾನ್ಯವಾಗಿ ತನಗೆ ಕೊಟ್ಟ ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ವಾಪಸ್ ಕೊಡುತ್ತದೆ. ಇಂಡಿಕೇಟರ್ 5 ವೋಲ್ಟ್ ಕೊಟ್ಟರೆ ಪೂರ್ತಿ 100 ಕೆಜಿಗೆ ಸಿಗುವುದು 10 ಮಿಲಿವೋಲ್ಟ್. ಅಂದರೆ 10 ಗ್ರಾಂಗೆ ಒಂದೇ ಮೈಕ್ರೋವೋಲ್ಟ್. ನಿನ್ನ 50 ಗ್ರಾಂ ಕುಣಿತ ಅಂದರೆ ಬರೀ 5 ಮೈಕ್ರೋವೋಲ್ಟ್. ಆ ಕಡೆ ವಿಎಫ್‌ಡಿ ಏನು ಮಾಡುತ್ತದೆ? 415 ವೋಲ್ಟನ್ನು ಸುಮಾರು 585 ವೋಲ್ಟ್ ಡಿಸಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಮೋಟಾರಿಗೆ ಕಳಿಸುತ್ತದೆ. 585 ಎಲ್ಲಿ, 5 ಮೈಕ್ರೋ ಎಲ್ಲಿ? ಹತ್ತು ಕೋಟಿ ಪಟ್ಟಿಗೂ ಜಾಸ್ತಿ ಅಂತರ. ಜಾತ್ರೆಯಲ್ಲಿ ಮೈಕಿನ ಪಕ್ಕ ನಿಂತು ಇನ್ನೊಬ್ಬರ ಪಿಸುಮಾತು ಕೇಳಿದ ಹಾಗೆ.

ಈ ವಿದ್ಯುತ್ ಗದ್ದಲ ಎಲ್ಲಿಂದ ಒಳಗೆ ಬರುತ್ತಿದೆ ಅಂತ ತಿಳಿಯದೆ ಏನನ್ನೂ ಸುತ್ತಬೇಡ. ಒಂದು, ಪಕ್ಕದ ವೈರಿನ ವೋಲ್ಟೇಜ್ ಗಾಳಿಯಲ್ಲೇ ಜಿಗಿದು ಬರುತ್ತದೆ. ಇದಕ್ಕೆ ಶೀಲ್ಡ್, ಅಂದರೆ ವೈರಿನ ಸುತ್ತ ಲೋಹದ ಹೊದಿಕೆ, ಮದ್ದು. ಎರಡು, ಪಕ್ಕದ ಕರೆಂಟಿನ ಆಯಸ್ಕಾಂತ ನಿನ್ನ ಎರಡು ವೈರುಗಳ ನಡುವಿನ ಸಂದಿಯಲ್ಲಿ ಹಾಯುತ್ತದೆ. ಇದಕ್ಕೆ ವೈರ್ ಹೊಸೆಯಬೇಕು, ದೂರ ಇಡಬೇಕು. ಮೂರು, ಗದ್ದಲ ಅರ್ಥಿಂಗಿನಲ್ಲೋ ಕರೆಂಟಿನಲ್ಲೋ ನಡೆದುಕೊಂಡೇ ಬಾಗಿಲಿನಿಂದ ಬರುತ್ತದೆ. ಇದಕ್ಕೆ ನೀನು ಎಷ್ಟು ಫಾಯಿಲ್ ಸುತ್ತಿದರೂ ದಂಡ.

ನಿನ್ನ ಫಾಯಿಲ್ ಯಾಕೆ ಜಾಸ್ತಿ ಮಾಡಿತು ಗೊತ್ತಾ? ಅದನ್ನು ಯಾವುದಕ್ಕೂ ಜೋಡಿಸಿಲ್ಲ, ಅಲ್ವಾ? ಹಾಗಿದ್ದರೆ ಅದು ಡ್ರೈವ್ ಕೇಬಲಿನ ಗದ್ದಲವನ್ನು ಉದ್ದಕ್ಕೂ ಹಿಡಿದು ನಿನ್ನ ವೈರಿಗೆ ಹಂಚುತ್ತದೆ. ಹಿಡಿದದ್ದನ್ನು ಇಳಿಸುವುದಕ್ಕೆ ಜಾಗ ಇಲ್ಲದ ಶೀಲ್ಡ್ ಶೀಲ್ಡೇ ಅಲ್ಲ.

ಈಗ ಪರೀಕ್ಷೆ. ಪಾಲಿಶರ್ ಓಡುತ್ತಿರುವಾಗಲೇ ಇಂಡಿಕೇಟರಿನ ಪ್ಲಗ್ ಕಿತ್ತು ಅದರ ಒಳಗಿನ ಬ್ಯಾಟರಿ ಮೇಲೆ ಓಡಿಸು. ಕುಣಿತ ನಿಂತರೆ ಗದ್ದಲ ಕರೆಂಟಿನ ದಾರಿಯಿಂದ ಬಂದದ್ದು. ನಿಲ್ಲದಿದ್ದರೆ, ಕಾಟಾವನ್ನೇ ಎತ್ತಿಕೊಂಡು ಬಂದು ಕ್ಯಾಬಿನ್ ಪಕ್ಕ ಇಟ್ಟು, ಸೆಲ್ಲಿನ ಸ್ವಂತ ಗಿಡ್ಡ ಕೇಬಲಿನಿಂದಲೇ ಜೋಡಿಸಿ ನೋಡು. ಆಗ ನಿಂತರೆ ಕಳ್ಳ ಆ 12 ಮೀಟರಿನಲ್ಲೇ ಇದ್ದಾನೆ. ಇನ್ನೊಂದು, ವಿಎಫ್‌ಡಿಗೆ ಕರೆಂಟ್ ಇದ್ದು ಮೋಟಾರ್ ಮಾತ್ರ ನಿಲ್ಲಿಸಿ ನೋಡು. ಡ್ರೈವ್ ಕಡಿಯುವುದನ್ನು ನಿಲ್ಲಿಸಿದ ತಕ್ಷಣ ಗದ್ದಲ ಹೋದರೆ ಬೇರೆ ಸಾಕ್ಷಿ ಬೇಕಿಲ್ಲ.

ಸಿಂಧನೂರು, ಗಿರಣಿ ಮಾಲೀಕರು

ಅಷ್ಟೆಲ್ಲ ಯಾಕ್ರೀ. ನಮ್ಮಲ್ಲೂ ಹೀಗೇ ಆಗಿತ್ತು. ವಿಎಫ್‌ಡಿಯ ಅರ್ಥ್ ವೈರ್ ಬಿಚ್ಚಿದ್ವಿ, ಕಾಟಾ ನಿಂತಿತು. ಎರಡು ವರ್ಷ ಆಯಿತು, ಏನೂ ತೊಂದರೆ ಇಲ್ಲ.

ರಾಯಚೂರು, ನಿವೃತ್ತ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್

ಸಾಹುಕಾರ್ರೆ, ಕೈ ಮುಗಿಯುತ್ತೇನೆ, ಇವತ್ತೇ ಆ ವೈರನ್ನು ವಾಪಸ್ ಜೋಡಿಸಿ. ಡ್ರೈವಿನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರುವ ಕರೆಂಟನ್ನು ಅದರ ಲೋಹದ ಮೈಗೇ ಬಿಡುತ್ತವೆ. ಅರ್ಥ್ ಇದ್ದರೆ ಅದು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಯಾರಾದರೂ ಬರಿಗಾಲಲ್ಲಿ ಮೋಟಾರ್ ಮುಟ್ಟುವವರೆಗೆ ಕಾಯುತ್ತದೆ. ಅದೂ ಒಳಗೆ ಇನ್ಸುಲೇಷನ್ ಹೋಯಿತೆಂದರೆ ಪೂರ್ತಿ ಫೇಸೇ ಆ ಲೋಹದ ಮೈಗೆ ಬರುತ್ತದೆ. ಎರಡು ವರ್ಷ ಏನೂ ಆಗಿಲ್ಲ ಅನ್ನುವುದು ನಿಮ್ಮ ಪುಣ್ಯ, ನಿಮ್ಮ ವೈರಿಂಗಿನದ್ದಲ್ಲ.

ಆದರೆ ನೀವು ಹೇಳಿದ್ದರಲ್ಲಿ ಒಂದು ಸುಳಿವು ಇದೆ. ಅರ್ಥ್ ಬಿಚ್ಚಿದರೆ ಕುಣಿತ ನಿಂತಿತು ಅಂದರೆ ನಿಮ್ಮಲ್ಲಿ ಗದ್ದಲ ಬರುತ್ತಿದ್ದದ್ದು ಅರ್ಥಿಂಗಿನ ದಾರಿಯಲ್ಲಿ. ಕಾಟಾ ಕಡೆಯ ಜೋಡಣೆ ನೋಡಬೇಕಿತ್ತು, ಡ್ರೈವ್ ಕಡೆಯದ್ದಲ್ಲ.

ಬಳ್ಳಾರಿ, ಪಾಲಿಟೆಕ್ನಿಕ್ ಉಪನ್ಯಾಸಕಿ

ಹಿರಿಯರು ಹೇಳಿದ್ದು ಸರಿ. ಫಾಯಿಲ್ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಪ್ರತಿ ವರ್ಷ ಪ್ರಾಜೆಕ್ಟ್ ಟೈಮಲ್ಲಿ ಮಕ್ಕಳು ಇದನ್ನೇ ಸುತ್ತಿಕೊಂಡು ಬರುತ್ತಾರೆ.

1836ರಲ್ಲಿ ಫ್ಯಾರಡೆ 12 ಅಡಿಯ ದೊಡ್ಡ ಪೆಟ್ಟಿಗೆ ಕಟ್ಟಿಸಿ, ಅದಕ್ಕೆ ತಂತಿ, ತವರದ ಹಾಳೆ ಹೊದಿಸಿ, ಒಳಗೆ ಕೂತು ಹೊರಗೆ ಕಿಡಿ ಹಾರಿಸಿದ. ಒಳಗಿನ ಉಪಕರಣಕ್ಕೆ ಏನೂ ತಿಳಿಯಲಿಲ್ಲ. ಪಾಠದಲ್ಲಿ ಅದನ್ನು ಓದಿದವರಿಗೆ ಲೋಹ ಸುತ್ತಿದರೆ ಎಲ್ಲವೂ ನಿಲ್ಲುತ್ತದೆ ಅಂತ ಅನಿಸುತ್ತದೆ. ಅವನು ತಡೆದದ್ದು ವಿದ್ಯುತ್ ಕ್ಷೇತ್ರವನ್ನು. ಆಯಸ್ಕಾಂತದ ಕ್ಷೇತ್ರದ ಕಥೆ ಬೇರೆ. 50 ಹರ್ಟ್ಝ್‌ನಲ್ಲಿ ಅದು ತಾಮ್ರದೊಳಗೆ ಸುಮಾರು 9 ಮಿಲಿಮೀಟರ್, ಅಲ್ಯೂಮಿನಿಯಂನಲ್ಲಿ ಸುಮಾರು 12 ಮಿಲಿಮೀಟರ್ ಇಳಿದ ಮೇಲೆ ಮೂರನೇ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಅಡುಗೆಮನೆ ಫಾಯಿಲ್ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟೂ ದಪ್ಪ ಇರುವುದಿಲ್ಲ. ಸೊಳ್ಳೆ ಪರದೆ ಕಟ್ಟಿ ಧೂಳು ತಡೆದ ಹಾಗೆ! ಅದೇ 1 ಮೆಗಾಹರ್ಟ್ಝ್‌ಗೆ ಹೋದರೆ ತಾಮ್ರದಲ್ಲಿ 0.07 ಮಿಲಿಮೀಟರೂ ಇಳಿಯುವುದಿಲ್ಲ, ಅಲ್ಲಿ ತೆಳ್ಳನೆಯ ಜಾಲರಿಯೂ ಕೆಲಸ ಮಾಡುತ್ತದೆ.

ನಮ್ಮ ಲ್ಯಾಬಿನ ಒಂದು ಅನುಭವ. ಮಕ್ಕಳು ಇಸಿಜಿ ಆಂಪ್ಲಿಫೈಯರ್ ಮಾಡಿದ್ದರು. ಎದೆಯಿಂದ ಸಿಗುವುದು 1 ಮಿಲಿವೋಲ್ಟ್ ಆಸುಪಾಸು. ಪರದೆ ಮೇಲೆ ಹೃದಯವೇ ಕಾಣದು, ಬರೀ 50 ಹರ್ಟ್ಝ್ ಅಲೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸರ್ಕ್ಯೂಟ್ ಇಟ್ಟು, ಡಬ್ಬಿಯನ್ನು ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತುದಿಗೆ ಜೋಡಿಸಿ, ಮೂರೂ ಲೀಡ್‌ಗಳನ್ನು ಜಡೆ ಹೆಣೆದಾಗ ಅರ್ಧ ಕೆಲಸ ಆಯಿತು. ಉಳಿದ ಅರ್ಧ ಎಲ್ಲಿತ್ತು ಗೊತ್ತಾ? ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ. ಅರ್ಥ್ ಇಲ್ಲದ ಚಾರ್ಜರಿನಿಂದ ಲ್ಯಾಪ್‌ಟಾಪ್ ಮೈ ನೂರು ವೋಲ್ಟಿನ ಸುತ್ತಮುತ್ತ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ, ಸವರಿದರೆ ಜುಮ್ ಅನ್ನುತ್ತದಲ್ಲ, ಅದೇ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದೆವು, ಹೃದಯ ಕಂಡಿತು. ಮನುಷ್ಯರಿಗೆ ಜೋಡಿಸುವ ಸರ್ಕ್ಯೂಟ್ ಹೇಗೂ ಬ್ಯಾಟರಿ ಮೇಲೇ ಇರಬೇಕು, ಅದು ಬೇರೆ ಮಾತು.

ಇನ್ನು ಸ್ವಂತ ಕಾಟಾ ಮಾಡುವ ಹುಡುಗರಿಗೆ. ಲೋಡ್ ಸೆಲ್ ಓದುವುದಕ್ಕೆ ಎಲ್ಲರೂ ಹಾಕುವ ಎಚ್‌ಎಕ್ಸ್‌711 ಚಿಪ್ಪಿನಲ್ಲಿ ಸೆಕೆಂಡಿಗೆ 10 ಸಲ ಅಥವಾ 80 ಸಲ ಅಳೆಯುವ ಎರಡು ಆಯ್ಕೆ ಇವೆ. 10ರಲ್ಲಿ ಇಟ್ಟರೆ ಅದೇ 50 ಹರ್ಟ್ಝ್ ಗದ್ದಲವನ್ನು ನುಂಗಿಕೊಳ್ಳುತ್ತದೆ. ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಪೂರ್ತಿ ಸುತ್ತುಗಳನ್ನು ಕೂಡಿ ಸರಾಸರಿ ತೆಗೆದರೆ ಮೇಲಿನದೂ ಕೆಳಗಿನದೂ ವಜಾ ಆಗುತ್ತದೆ. ಬೇಗ ಬರಲಿ ಅಂತ 80ಕ್ಕೆ ಹಾಕಿದವರಿಗೆ ಈ ಲಾಭ ಇಲ್ಲ.

ಬಳ್ಳಾರಿ, ಜೀನ್ಸ್ ಘಟಕದ ಎಲೆಕ್ಟ್ರಿಷಿಯನ್

ನನ್ನ ಹತ್ತಿರ ಮೀಟರ್ ಗೀಟರ್ ಏನೂ ಇಲ್ಲ ಸರ್, ಹಳೇ ಟ್ರಾನ್ಸಿಸ್ಟರ್ ರೇಡಿಯೊ ಇದೆ. ಮೀಡಿಯಂ ವೇವ್‌ಗೆ ಹಾಕಿ ಸ್ಟೇಷನ್ ಇಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸುತ್ತೇನೆ. ಹೊಲಿಗೆ ಮಷಿನಿನ ಸರ್ವೋ ಮೋಟಾರುಗಳ ಕೇಬಲ್ ಗುಂಟ ಹಿಡಿದುಕೊಂಡು ಹೋದರೆ ಎಲ್ಲಿ ಗರ್ ಅಂತ ಜೋರಾಗುತ್ತದೋ ಅಲ್ಲೇ ತೊಂದರೆ. ಒಂದು ಎಲ್‌ಇಡಿ ಬಲ್ಬೇ ಕಳ್ಳ ಅಂತ ಹೀಗೇ ಸಿಕ್ಕಿಬಿದ್ದಿತ್ತು.

ರಾಯಚೂರು, ನಿವೃತ್ತ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್

ಭಲೇ! ಸಾವಿರಾರು ರೂಪಾಯಿ ಮೀಟರಿಗಿಂತ ಇದು ಎಷ್ಟೋ ಸಲ ಮೇಲು. ನಾನು ಧಾರವಾಡ ಆಕಾಶವಾಣಿ ಹಾಕಿಕೊಂಡು ತಿರುಗುತ್ತಿದ್ದೆ, ದನಿ ಮುಳುಗಿದ ಕಡೆ ನಿಲ್ಲುತ್ತಿದ್ದೆ. ಅದೂ 765 ಕಿಲೋಹರ್ಟ್ಝ್, ನಮ್ಮ ಲೈನೂ 765 ಕೆವಿ. ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ.

ಗಿಣಿಗೇರಾ, ಫರ್ನೇಸ್ ಮೆಂಟೆನೆನ್ಸ್

ನಮ್ಮದು ಇಂಡಕ್ಷನ್ ಫರ್ನೇಸ್ (ಆಯಸ್ಕಾಂತದ ಕ್ಷೇತ್ರದಿಂದ ಲೋಹ ಕಾಯಿಸುವ ಕುಲುಮೆ) ಇರುವ ಜಾಗ, ಗದ್ದಲದ ತವರುಮನೆ. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ 41 ಮೈಕ್ರೋವೋಲ್ಟ್ ಕೊಡುತ್ತದೆ, ಕೂಲಿಂಗ್ ನೀರಿನ ರೀಡಿಂಗ್ 15 ಡಿಗ್ರಿ ಆಚೆ ಈಚೆ ಹೋಗುತ್ತಿತ್ತು. ತಾಮ್ರದ ಜಾಲರಿ ಇರುವ ದುಬಾರಿ ಕೇಬಲ್ ತರಿಸಿದೆವು, ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮೇಡಂ ಹೇಳಿದ ಹಾಗೆ ಅಲ್ಲಿ ಇದ್ದದ್ದು ಆಯಸ್ಕಾಂತದ ಕಾಟ. ಕೊನೆಗೆ ಕೆಲಸ ಮಾಡಿದ್ದು ಮೂರು: ಹೊಸೆದ ಕಾಂಪೆನ್ಸೇಟಿಂಗ್ ಕೇಬಲ್ (ಥರ್ಮೋಕಪಲ್ಲಿಗೆ ಅಂತಲೇ ಬರುವ ವೈರ್), ಅದನ್ನು ಹಾಯಿಸಿದ ಕಬ್ಬಿಣದ ಪೈಪು, ಮತ್ತೆ ಫರ್ನೇಸಿನ ಕೇಬಲಿನಿಂದ ಎರಡು ಮೀಟರ್ ದೂರ. ಹೆಚ್ಚು ಪಾಲು ದೂರದ್ದೇ. ಎಲ್ಲಿ ದಾಟಲೇಬೇಕೋ ಅಲ್ಲಿ ಅಡ್ಡಲಾಗಿ, ಪ್ಲಸ್ ಗುರುತಿನ ಹಾಗೆ ದಾಟಿಸಿ. ಜೊತೆಗೆ ಜೊತೆಗೆ ಓಡಿಸಬೇಡಿ. ಕಬ್ಬಿಣ ಆಯಸ್ಕಾಂತವನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ, ಅದಕ್ಕೇ ಪಿವಿಸಿ ಪೈಪು ಬೇಡ ಅನ್ನುವುದು.

ಕಾಟಾ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಪ್ಲಾಟ್‌ಫಾರ್ಮಿಗೆ ವೆಲ್ಡಿಂಗ್ ಮಾಡಿಸುವಾಗ ಲೋಡ್ ಸೆಲ್ ಬಿಚ್ಚಿಡಿ. ಕರೆಂಟ್ ಸೆಲ್ ಒಳಗಿನಿಂದ ಹಾದುಹೋದರೆ ಮುಗಿಯಿತು. ನಮ್ಮಲ್ಲಿ ಒಂದು ಹಾಗೆ ಹೋಗಿದೆ, ಗೇಜ್ ಸುಟ್ಟ ವಾಸನೆ ಇನ್ನೂ ನೆನಪಿದೆ.

ಕಾರಟಗಿ, ಅಕ್ಕಿ ಗಿರಣಿ

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ. ಬ್ಯಾಟರಿ ಮೇಲೆ ಓಡಿಸಿದರೂ ಕುಣಿತ ಹಾಗೇ ಇತ್ತು. ಕಾಟಾ ಹೊತ್ತು ತಂದು ಕ್ಯಾಬಿನ್ ಪಕ್ಕ ಇಟ್ಟಾಗ ನಿಂತಿತು! ಆಮೇಲೆ ವೈರ್ ಗುಂಟ ನಡೆದು ನೋಡಿದೆ. ನಾಚಿಕೆ ಆಗುತ್ತದೆ ಹೇಳುವುದಕ್ಕೆ, ಹೆಚ್ಚು ಕಡಿಮೆ 8 ಮೀಟರ್ ದೂರ ಲೋಡ್ ಸೆಲ್ ವೈರೂ ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕೇಬಲೂ ಒಂದೇ ಪಿವಿಸಿ ಪೈಪಿನಲ್ಲಿವೆ. ಲೋಡ್ ಸೆಲ್ ವೈರಿನಲ್ಲಿ ಶೀಲ್ಡಿನ ಜಾಲರಿ ಇದೆ. ಒಂದು ತುದಿ ಇಂಡಿಕೇಟರಿಗೆ, ಇನ್ನೊಂದು ತುದಿ ಪ್ಲಾಟ್‌ಫಾರ್ಮಿಗೆ ಜೋಡಿಸಿದ್ದಾರೆ. ಪ್ಲಾಟ್‌ಫಾರ್ಮಿಗೆ ನಾನು ಹೊಡೆಸಿದ ಬೇರೆ ರಾಡ್ ಇದೆ. ಇದು ಸರೀನಾ? ಇಂಡಿಕೇಟರ್ ಒಳಗೆ ಏನಾದರೂ ಬದಲಾಯಿಸಬೇಕಾ?

ರಾಯಚೂರು, ನಿವೃತ್ತ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್

ಇಂಡಿಕೇಟರ್ ಬಿಚ್ಚಬೇಡ. ಅದರ ಮೇಲೆ ಮಾಪನಶಾಸ್ತ್ರ ಇಲಾಖೆಯ ಸೀಲ್ ಇದೆ, ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ಕಾಟಾಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಸೀಲ್ ಒಡೆದರೆ ಹತ್ತು ಗ್ರಾಂ ಹೋಗಿ ದೊಡ್ಡ ತಲೆನೋವು ಬರುತ್ತದೆ. ಹೊರಗಿನ ವೈರ್ ಮಾತ್ರ ಮುಟ್ಟು.

ನಿನ್ನ ರಾಡೇ ಅರ್ಧ ತಪ್ಪು. ಗಿರಣಿಯ ಅರ್ಥಿಂಗ್ ಗುಂಡಿ ಒಂದು ಕಡೆ, ಕಾಟಾದ ರಾಡ್ ಇನ್ನೊಂದು ಕಡೆ. ಎರಡೂ ಭೂಮಿಯೇ ಆದರೂ ಎರಡರ ವೋಲ್ಟೇಜ್ ಒಂದೇ ಇರುವುದಿಲ್ಲ. ಡ್ರೈವಿನ ಸೋರಿಕೆ ಒಂದರಲ್ಲಿ ಇಳಿದಾಗ ಅದರ ಮಟ್ಟ ಏರುತ್ತದೆ. ನೀನು ಆ ಎರಡಕ್ಕೂ ಶೀಲ್ಡನ್ನು ಸೇತುವೆ ಮಾಡಿದ್ದೀಯ, ಗದ್ದಲ ಅದರ ಮೇಲೇ ನಡೆದಾಡುತ್ತದೆ. ಅದೂ ನಿಮ್ಮ ಕಡೆಯ ಎರೆ ಭೂಮಿ ಮಳೆಗಾಲದಲ್ಲಿ ಒಳ್ಳೆಯದು, ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡನ್ನೇ ಬಿಟ್ಟುಕೊಡುತ್ತದೆ. ಮಸಾರಿ, ಬಂಡೆ ಇರುವ ಕೊಪ್ಪಳದ ಕಡೆ ಕಥೆ ಇನ್ನೂ ಕಷ್ಟ. ಗುಂಡಿಗೆ ಇದ್ದಿಲು ಉಪ್ಪು ಹಾಕಿದ್ದು ನೆನಪಿರುತ್ತದೆ, ನೀರು ಹಾಕುವುದು ಮರೆಯುತ್ತೇವೆ. ಸಿಡಿಲು ಬಡಿದರಂತೂ ಎರಡು ಬೇರೆ ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ನಿಲ್ಲಬಹುದು. ನಿನ್ನ ಸೆಲ್ ನಡುವೆ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಪ್ಲಾಟ್‌ಫಾರ್ಮನ್ನು ಗಿರಣಿಯ ಮುಖ್ಯ ಅರ್ಥಿಂಗಿಗೇ ಹಸಿರು ವೈರಿನಿಂದ ಜೋಡಿಸು. ಬೇರೆ ರಾಡ್ ಬೇಡ. ಶೀಲ್ಡನ್ನು ಇಂಡಿಕೇಟರ್ ತುದಿಯಲ್ಲಿ ಮಾತ್ರ ಜೋಡಿಸು, ಕಾಟಾ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತು. ಒಂದೇ ತುದಿ. ಬಾಯ್ಲರ್ ಮೇಲಿನ ನೂರಾರು ಥರ್ಮೋಕಪಲ್ಲುಗಳಿಗೆ ನಾವು ಪಾಲಿಸಿದ್ದು ಇದನ್ನೇ.

ಬಳ್ಳಾರಿ, ಪಾಲಿಟೆಕ್ನಿಕ್ ಉಪನ್ಯಾಸಕಿ

ಸರ್, ಇಲ್ಲಿ ಒಂದು ಸಣ್ಣ ತಕರಾರು. ಒಂದೇ ತುದಿ ಅನ್ನುವುದು 50 ಹರ್ಟ್ಝ್‌ನಂಥ ನಿಧಾನದ ಗದ್ದಲಕ್ಕೆ ಸರಿ. ವಿಎಫ್‌ಡಿಯ ಚೂಪಾದ ಅಂಚುಗಳಲ್ಲಿ ಮೆಗಾಹರ್ಟ್ಝ್‌ವರೆಗಿನ ಗದ್ದಲ ಇರುತ್ತದೆ. ಅಷ್ಟು ವೇಗಕ್ಕೆ ಒಂದೇ ತುದಿ ಹಿಡಿದ ಉದ್ದನೆಯ ಜಾಲರಿ ಆಂಟೆನಾ ಆಗಿಬಿಡುತ್ತದೆ. ನಾವು ಇನ್ನೊಂದು ತುದಿಯಲ್ಲಿ 0.01 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಮೂಲಕ ಜೋಡಿಸುತ್ತೇವೆ. ನಿಧಾನದ್ದಕ್ಕೆ ಬಾಗಿಲು ಮುಚ್ಚಿದ ಹಾಗೆ, ವೇಗದ್ದಕ್ಕೆ ತೆರೆದ ಹಾಗೆ. ಜಾಲರಿಯನ್ನು ಉದ್ದ ಬಾಲ ಮಾಡಿ ಸ್ಕ್ರೂಗೆ ಕಟ್ಟುವುದೂ ತಪ್ಪು. ಐದು ಸೆಂಟಿಮೀಟರಿನ ಬಾಲ ಎತ್ತರದ ಫ್ರೀಕ್ವೆನ್ಸಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಹಾಕಿ.

ಅದಕ್ಕಿಂತ ಮೊದಲು, ಗದ್ದಲ ಹುಟ್ಟುವ ಕಡೆಯೇ ಕಟ್ಟಿಹಾಕಿ. ಡ್ರೈವಿನಿಂದ ಮೋಟಾರಿಗೆ ಶೀಲ್ಡ್ ಇರುವ ಕೇಬಲ್ ಹಾಕಿ, ಆ ಶೀಲ್ಡನ್ನು ಮಾತ್ರ ಎರಡೂ ತುದಿಯಲ್ಲಿ ಬಿಗಿಯಾಗಿ ಜೋಡಿಸಿ. ಡ್ರೈವಿನ ಸೆಟ್ಟಿಂಗಿನಲ್ಲಿ ಕ್ಯಾರಿಯರ್ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಡಿಯುತ್ತದೆ ಅನ್ನುವುದನ್ನು ನೋಡಿ. 8 ಕಿಲೋಹರ್ಟ್ಝ್ ಇದ್ದರೆ 4ಕ್ಕೆ ಇಳಿಸಿ, ಕಡಿತ ಅರ್ಧ ಆಗುತ್ತದೆ. ಮೋಟಾರ್ ಸ್ವಲ್ಪ ಜಾಸ್ತಿ ಸಿಳ್ಳೆ ಹೊಡೆಯುತ್ತದೆ. ಗಿರಣಿಯಲ್ಲಿ ಯಾರಿಗೆ ಕೇಳಿಸುತ್ತದೆ ಬಿಡಿ.

ರಾಯಚೂರು, ನಿವೃತ್ತ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್

ಒಪ್ಪಿದೆ ಮೇಡಂ. ನಮ್ಮ ಕಾಲದಲ್ಲಿ ಇಷ್ಟು ವಿಎಫ್‌ಡಿ ಇರಲಿಲ್ಲ. ತಮ್ಮಾ, ಮೊದಲು ಒಂದೇ ತುದಿ ಮಾಡಿ ನೋಡು, ಸಾಲದಿದ್ದರೆ ಮೇಡಂ ಹೇಳಿದ ಕೆಪಾಸಿಟರ್ ಸೇರಿಸು.

ಒಂದು ಎಚ್ಚರ. ವೈರ್ ಬದಲಾಯಿಸಿದರೆ ತೂಕವೂ ಚೂರು ಬದಲಾಗುತ್ತದೆ. 0.5 ಚದರ ಮಿಲಿಮೀಟರಿನ ತಾಮ್ರದ ವೈರ್ 12 ಮೀಟರ್ ಹೋಗಿ ಬರುವುದಕ್ಕೆ 0.85 ಓಮ್ ಆಸುಪಾಸು. ಸೆಲ್ಲಿನ 400 ಓಮ್ ಎದುರು ಅದು ಸಾವಿರಕ್ಕೆ ಎರಡು ಪಾಲು. 26 ಕೆಜಿ ಚೀಲಕ್ಕೆ ಲೆಕ್ಕ ಹಾಕು, 50 ಗ್ರಾಂ. ಕುಣಿತ ಹೋಯಿತು ಅಂತ ಖುಷಿಪಟ್ಟು ತಪ್ಪು ತೂಕ ಕೊಡಬೇಡ. ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಸಿ ಮತ್ತೆ ಸರಿಮಾಡಿಸಿ ಮುದ್ರೆ ಹಾಕಿಸಿಕೋ. ಆರು ವೈರಿನ ಇಂಡಿಕೇಟರ್ ಆದರೆ ವೈರಿನಲ್ಲಿ ಕಳೆದುಹೋದದ್ದನ್ನು ಅದೇ ಅಳೆದು ಸರಿಮಾಡಿಕೊಳ್ಳುತ್ತದೆ, ನಿನ್ನದು ನಾಲ್ಕು ವೈರಿನದ್ದು ಅನಿಸುತ್ತದೆ.

ಕಾರಟಗಿ, ಅಕ್ಕಿ ಗಿರಣಿ

ಹದಿನೈದು ದಿನ ಆಯಿತು, ಆದದ್ದನ್ನು ಹೇಳುತ್ತೇನೆ. ಮೊದಲು ಬೇರೆ ರಾಡ್ ಬಿಡಿಸಿ, ಪ್ಲಾಟ್‌ಫಾರ್ಮನ್ನು ಮುಖ್ಯ ಅರ್ಥಿಂಗಿಗೆ ಜೋಡಿಸಿ, ಶೀಲ್ಡ್ ಒಂದೇ ತುದಿ ಮಾಡಿದೆ. 60 ಇದ್ದದ್ದು 30ಕ್ಕೆ ಬಂತು. ಫಾಯಿಲ್ ಕಿತ್ತು ಬಿಸಾಡಿದೆ. ಹೊಸೆದ ಶೀಲ್ಡ್ ಕೇಬಲ್ ತಂದು ಜಿಐ ಪೈಪಿನಲ್ಲಿ ಹಾಕಿ, ಗೋಡೆಯ ಆ ಬದಿಯಿಂದ ಎಳೆದೆ, ಮೋಟಾರ್ ಕೇಬಲಿಗೂ ಅದಕ್ಕೂ ಈಗ ಮೂರು ಅಡಿ. ಕ್ಯಾರಿಯರ್ 4ಕ್ಕೆ ಇಳಿಸಿದೆ. ಕೆಪಾಸಿಟರ್ ಬೇಕಾಗಲಿಲ್ಲ. ರಿಪೇರಿಯವರು ಬಂದು ತೂಕದ ಕಲ್ಲಿಟ್ಟು ಸರಿಮಾಡಿದರು, ನಿಜವಾಗಿಯೂ 30 ಗ್ರಾಂ ವ್ಯತ್ಯಾಸ ಬಂದಿತ್ತು. ಮುದ್ರೆಯೂ ಆಯಿತು.

ಒಂದು 10 ಗ್ರಾಂ ಮಾತ್ರ ಬಂದು ಹೋಗಿ ಮಾಡುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ, ರೇಡಿಯೊ ಹಿಡಿದು ತಿರುಗಿದೆ, ಏನೂ ಸಿಗಲಿಲ್ಲ. ಕೊನೆಗೆ ನೋಡಿದರೆ ಹಮಾಲರಿಗೆ ಅಂತ ಇಟ್ಟಿದ್ದ ಫ್ಯಾನಿನ ಗಾಳಿ ನೇರವಾಗಿ ಚೀಲಕ್ಕೆ ಬಡಿಯುತ್ತಿತ್ತು. ಫ್ಯಾನ್ ಆ ಕಡೆ ತಿರುಗಿಸಿದೆ, ಕಾಟಾ ನಿಂತಿತು. ಈಗ ಹಮಾಲರು ಬೈಯುತ್ತಿದ್ದಾರೆ.